ಹುಡುಗ “ಆರಾಮ ಇದ್ದೀನಿ” ಅಂದಾಗ: ಕಲಬುರಗಿ, ಬೀದರ, ಯಾದಗಿರಿಯ ಮನೆಗಳಿಗೊಂದು ಮಾರ್ಗದರ್ಶಿ

“ಹ್ಯಾಂಗದಿ ತಮ್ಮಾ?” ಎಂದರೆ ನಮ್ಮ ಭಾಗದ ಹುಡುಗರ ಉತ್ತರ ಒಂದೇ: “ಆರಾಮ ಇದ್ದೀನ್ರಿ.” ಪರೀಕ್ಷೆಯಲ್ಲಿ ಫೇಲಾಗಿದ್ದರೂ ಅದೇ, ಮೂರು ರಾತ್ರಿ ಕಣ್ಣು ಮುಚ್ಚದಿದ್ದರೂ ಅದೇ. ಅವನಾಗಿಯೇ ಬಾಯಿ ಬಿಡಲಿ ಎಂದು ಕಾಯುವ ಮನೆಗಳಲ್ಲಿ ವಿಷಯ ಗೊತ್ತಾಗುವುದು ಬಹಳ ತಡವಾಗಿ. ಅದಕ್ಕೇ ಈ ಬರಹ ಹುಡುಗರಿಗಿಂತ ಅವರ ಸುತ್ತ ಇರುವವರಿಗೆ: ಅಪ್ಪ, ಅವ್ವ, ಕಾಕಾ, ಸೋದರಮಾವ, ಶಾಲೆಯ ಸರ್, ಹಾಸ್ಟೆಲ್ ವಾರ್ಡನ್, ಗೆಳೆಯರು. ಮೊದಲ ಹೆಜ್ಜೆ ಇಡಬೇಕಾದವರು ನೀವು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ನೂರಕ್ಕೆ ಸುಮಾರು 72 ಮಂದಿ ಗಂಡಸರು. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲೂ ಮಾನಸಿಕ ಕಾಯಿಲೆಯ ಪ್ರಮಾಣ ವಯಸ್ಕ ಗಂಡಸರಲ್ಲಿ 13.9 ಶೇಕಡಾ, ಹೆಂಗಸರಲ್ಲಿ 7.5 ಶೇಕಡಾ ಇತ್ತು. ಹೆಚ್ಚಿನವರು ಚಿಕಿತ್ಸೆಯ ಬಾಗಿಲಿಗೇ ಬಂದಿರಲಿಲ್ಲ.

ಏನು ಬದಲಾಗಿದೆ, ಬರೆದಿಡಿ

ಖಿನ್ನತೆ ಎಂದರೆ ಅಳು, ಮಂಕುತನ ಎಂದು ನಾವು ತಿಳಿದಿರುತ್ತೇವೆ. ಗಂಡುಹುಡುಗರಲ್ಲಿ ಅದು ಎಷ್ಟೋ ಸಲ ಸಿಟ್ಟಾಗಿ ಹೊರಬರುತ್ತದೆ. ಊಟದ ತಾಟು ತಳ್ಳುತ್ತಾನೆ, ಅವ್ವನ ಮೇಲೆ ಹರಿಹಾಯುತ್ತಾನೆ, ಬೈಕನ್ನು ಜೀವದ ಹಂಗಿಲ್ಲದೆ ಓಡಿಸುತ್ತಾನೆ, ಸಣ್ಣ ಮಾತಿಗೂ ಹೊಡೆದಾಟಕ್ಕೆ ನಿಲ್ಲುತ್ತಾನೆ. “ಮೈಯಾಗ ಸೊಕ್ಕು ಬಂದದ ಅವನಿಗಿ” ಎಂದು ಮನೆಯವರು ಬೈದು ಸುಮ್ಮನಾಗುತ್ತಾರೆ. ಇನ್ನು ಕೆಲವರದು ಮೈಯ ದೂರು: ತಲೆನೋವು, ಎದೆ ಹಿಡಿದಂತಾಗುವುದು, ಹೊಟ್ಟೆ ಉರಿ, ಕೈಕಾಲು ಸೋತುಹೋಗುವುದು. ರಕ್ತ ಪರೀಕ್ಷೆ, ಇಸಿಜಿ ಎಲ್ಲ ನಾರ್ಮಲ್ ಬಂದರೂ ದೂರು ನಿಲ್ಲುವುದಿಲ್ಲ. ಡಾಕ್ಟರು ಬದಲಾಗುತ್ತಾರೆ, ಸಲೈನ್ ಏರುತ್ತದೆ, ಹಣ ಹೋಗುತ್ತದೆ. ಮನಸ್ಸಿನ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ.

ಗೋಡೆಯ ಕ್ಯಾಲೆಂಡರಿನಲ್ಲೋ ಸಣ್ಣ ನೋಟ್‌ಬುಕ್‌ನಲ್ಲೋ ಹದಿನಾಲ್ಕು ದಿನ ನಾಲ್ಕು ವಿಷಯ ಬರೆಯಿರಿ: ನಿದ್ದೆ, ಊಟ, ಸ್ನಾನ, ಮಂದಿಯೊಂದಿಗಿನ ಒಡನಾಟ. ಬರಹ ಹೀಗಿದ್ದರೆ ಸಾಕು: “ಸೋಮವಾರ. ರಾತ್ರಿ 2ಕ್ಕೆ ಮಲಗಿದ, ಬೆಳಿಗ್ಗೆ 11ಕ್ಕೆ ಎದ್ದ. ಅರ್ಧ ರೊಟ್ಟಿ. ಸ್ನಾನ ಇಲ್ಲ. ಕ್ರಿಕೆಟ್‌ಗೆ ಕರೆಯಲು ಬಂದವರನ್ನು ವಾಪಸ್ ಕಳಿಸಿದ.” ಎರಡು ವಾರ ಏಕೆಂದರೆ ಖಿನ್ನತೆಯನ್ನು ಗುರುತಿಸಲು ವೈದ್ಯರು ಇಟ್ಟುಕೊಂಡಿರುವ ಅಳತೆಯೇ ಅದು. ಡಾಕ್ಟರು ಕೇಳುವ ಮೊದಲ ಪ್ರಶ್ನೆ “ಎಷ್ಟು ದಿನದಿಂದ? ಏನು ಬದಲಾಗಿದೆ?” ಎಂದು. “ಮೊದಲಿನಂಗ ಇಲ್ರಿ ಸರ್” ಎಂಬ ಉತ್ತರದಿಂದ ಅವರಿಗೆ ಏನೂ ಹೊಳೆಯುವುದಿಲ್ಲ. ಬರೆದದ್ದನ್ನು ಅವನಿಂದ ಮುಚ್ಚಿಡುವ ಗೂಢಚಾರಿಕೆ ಬೇಡ. ಕೇಳಿದರೆ ತೋರಿಸಿ.

ಹದಿನಾಲ್ಕು ದಿನ ಕಾಯಬಾರದ ಲಕ್ಷಣಗಳೂ ಇವೆ. ಸಾವಿನ ಮಾತು ಬಾಯಿಗೆ ಬರುವುದು, ಮೆಚ್ಚಿನ ಬ್ಯಾಟು, ವಾಚು, ಬೈಕನ್ನು ಯಾರಿಗೋ ಕೊಟ್ಟುಬಿಡುವುದು, ಒದ್ದಾಡುತ್ತಿದ್ದವನು ಒಮ್ಮೆಲೇ ತೀರ ಶಾಂತನಾಗುವುದು, ಯಾರೂ ಇಲ್ಲದಾಗ ದನಿ ಕೇಳುತ್ತದೆ ಎನ್ನುವುದು, ಮೂರ್ನಾಲ್ಕು ರಾತ್ರಿ ನಿದ್ದೆಯಿಲ್ಲದೆ ಎಡೆಬಿಡದೆ ಮಾತಾಡುತ್ತ ಹಣ ಚೆಲ್ಲುವುದು. ಇವುಗಳಲ್ಲಿ ಒಂದು ಕಂಡರೂ ಅಂದೇ ಡಾಕ್ಟರರ ಬಳಿ ಹೋಗಬೇಕು.

ಮಾತು ಎತ್ತುವುದು ಹೇಗೆ

ಎದುರಿಗೆ ಕೂರಿಸಿ, ನಾಲ್ಕು ಮಂದಿ ಸುತ್ತ ಕೂತು, “ಏನಾಗ್ಯಾದ ಹೇಳು” ಎಂದರೆ ಯಾವ ಹುಡುಗನೂ ಹೇಳುವುದಿಲ್ಲ. ಅದು ಪಂಚಾಯ್ತಿ ಕಟ್ಟೆ ಆಗುತ್ತದೆ. ಪಕ್ಕಪಕ್ಕದಲ್ಲಿದ್ದು, ಕೈಗೆ ಏನಾದರೂ ಕೆಲಸ ಇರುವಾಗ ಮಾತು ಸಲೀಸು. ಹೊಲಕ್ಕೆ ಬೈಕಿನಲ್ಲಿ ಹೋಗುವಾಗ, ಪಂಪ್‌ಸೆಟ್ ಬಿಚ್ಚಿ ಕೂತಾಗ, ತೊಗರಿ ಚೀಲ ಹೊಲಿಯುವಾಗ, ಚಹಾ ಕುಡಿಯಲು ಸ್ಟ್ಯಾಂಡಿಗೆ ನಡೆದು ಹೋಗುವಾಗ ಕೇಳಿ. ಕಣ್ಣಿಗೆ ಕಣ್ಣು ಕೊಡಬೇಕಾದ ಕಷ್ಟ ಅಲ್ಲಿ ಅವನಿಗಿಲ್ಲ.

ಕೇಳುವವರು ಅಪ್ಪನೇ ಆಗಬೇಕೆಂದಿಲ್ಲ. ಅಪ್ಪನ ಮುಂದೆ ಬಾಯಿ ಕಟ್ಟುವ ಹುಡುಗ ಸೋದರಮಾವನ ಮುಂದೆ, ಅಕ್ಕನ ಗಂಡನ ಮುಂದೆ, ತಾಲೀಮಿನ ಉಸ್ತಾದನ ಮುಂದೆ ಬಿಚ್ಚಿಕೊಳ್ಳುತ್ತಾನೆ. ಯಾರ ಜೊತೆ ಅವನು ನಗುತ್ತಾನೆ ಎಂದು ನೋಡಿ, ಅವರಿಗೆ ಈ ಕೆಲಸ ಒಪ್ಪಿಸಿ. ಅಪ್ಪನಿಗೆ ಇದು ಬೇಸರವೇ ಆಗಬಹುದು. ಆದರೂ ಹಾಗೆಯೇ ಮಾಡಿ.

ಕಂಡದ್ದನ್ನು ಹೇಳಿ ಶುರು ಮಾಡಿ: “ಹದಿನೈದು ದಿನ ಆಯ್ತು, ರಾತ್ರಿ ಎದ್ದೇ ಇರ್ತಿ. ನಿದ್ದಿ ಬರವಲ್ದೇನು?” ಹೌದು-ಇಲ್ಲ ಎಂದಷ್ಟೇ ಉತ್ತರ ಸಾಕಾಗುವ ಪ್ರಶ್ನೆಯಿಂದ ಹೊರಟರೆ ಬಾಗಿಲು ತೆರೆಯುತ್ತದೆ. ಆಮೇಲೆ “ಮನಸ್ಯಾಗ ಏನ್ ನಡದದ?” ಎಂದು ಕೇಳಿ, ಬಾಯಿ ಮುಚ್ಚಿ. ಒಂದು ನಿಮಿಷದ ಮೌನ ಹಿರಿಯರಿಗೆ ತಡೆಯಲಾಗುವುದಿಲ್ಲ, ನಡುವೆ ಬಾಯಿ ಹಾಕಿ ಬುದ್ಧಿ ಹೇಳಲು ತೊಡಗುತ್ತಾರೆ. ಬಹಳಷ್ಟು ಮಾತುಕತೆ ಹಾಳಾಗುವುದು ಇಲ್ಲಿಯೇ.

ಹೇಳಬಾರದ ಮಾತುಗಳ ಪಟ್ಟಿ ಎಲ್ಲ ಮನೆಯಲ್ಲೂ ಒಂದೇ: “ಗಂಡಸಾಗಿ ಅಳ್ತಿ ಏನಲೇ?” “ನಮ್ಮ ಕಾಲದಾಗ ಇವೆಲ್ಲ ಇದ್ದಿದ್ದಿಲ್ಲ.” “ಮಗ್ಗಲ ಮನಿ ಹುಡುಗನ್ನ ನೋಡು.” ಇನ್ನೊಂದು, ಎಲ್ಲಕ್ಕಿಂತ ದುಬಾರಿಯಾದದ್ದು: “ಮದಿ ಮಾಡಿದ್ರ ಸರಿ ಹೋಗ್ತಾನ.” ಮದುವೆಯಿಂದ ಯಾವ ಮಾನಸಿಕ ಕಾಯಿಲೆಯೂ ವಾಸಿಯಾಗುವುದಿಲ್ಲ. ಇನ್ನೊಂದು ಮನೆಯ ಹೆಣ್ಣುಮಗಳು ಕಾಯಿಲೆಯ ಭಾರ ಹೊರುತ್ತಾಳೆ, ಅಷ್ಟೇ.

ಅವನು ಹೇಳಿದ ಮೇಲೆ ಪರಿಹಾರ ಕೊಡುವ ಅವಸರ ಬೇಡ. “ಬಹಳ ತ್ರಾಸ ಆಗ್ಯಾದ ನಿನಗ. ನನಗ ಹೇಳಿದ್ದು ಚಲೋ ಆಯ್ತು. ನಾಳಿಗಿ ಸಂಜಿಗಿ ಮತ್ತ ಹೋಗೋಣು.” ಇಷ್ಟು ಸಾಕು. ಹೇಳಿದ್ದು ಹತ್ತು ನಿಮಿಷದಲ್ಲಿ ಅತ್ತಿಯ ಮನೆ ತಲುಪಿದರೆ ಅವನು ಎರಡನೇ ಸಲ ಹೇಳುವುದಿಲ್ಲ. ಜೀವಕ್ಕೆ ಅಪಾಯವಿದ್ದರೆ ಮಾತ್ರ ಗುಟ್ಟು ಇಟ್ಟುಕೊಳ್ಳಲಾಗದು, ಅದನ್ನು ಅವನಿಗೇ ಮೊದಲು ಹೇಳಿ.

ಲೈಂಗಿಕ ಕಿರುಕುಳ ಆಗಿರಬಹುದೆಂಬ ಸಂದೇಹವಿದ್ದರೆ ಗಂಡುಹುಡುಗ ಎಂದು ತಳ್ಳಿಹಾಕಬೇಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ 2012ರಿಂದಲೂ ಗಂಡುಮಕ್ಕಳಿಗೂ ಅನ್ವಯಿಸುತ್ತದೆ. ವಯಸ್ಸು 18ರ ಒಳಗಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಕೇಳಲೇಬೇಕಾದ ಪ್ರಶ್ನೆ

“ಸಾಯೋ ವಿಚಾರ ಕೇಳಿದ್ರ ನಾವೇ ತಲಿಯಾಗ ತುಂಬಿದಂಗ ಆಗ್ತದ” ಎಂದು ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ, ಇರುವುದು ಹೊರಬರುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಸುತ್ತಿ ಬಳಸಿ ಕೇಳಬೇಡಿ, “ಹಂಗೇನಿಲ್ಲ ಅಲ್ಲ?” ಎಂದು ಇಲ್ಲ ಎನ್ನುವ ಉತ್ತರವನ್ನೇ ಬೇಡಬೇಡಿ. “ಜೀವಾ ಬ್ಯಾಡ ಅನಸ್ತದೇನು? ಸಾಯಬೇಕು ಅಂತ ಮನಸ್ಯಾಗ ಬಂದದೇನು?” ಎಂದು ಮೆತ್ತಗಿನ ದನಿಯಲ್ಲಿ ಕೇಳಿ.

ಹೌದು ಎಂದರೆ ಬೈಯಬೇಡಿ, ಆಣೆ ಹಾಕಿಸಿಕೊಳ್ಳಬೇಡಿ. ಹೇಗೆ, ಯಾವಾಗ ಎಂದು ಯೋಚನೆ ಮಾಡಿದ್ದಾನೆಯೇ ಎಂದು ವಿಚಾರಿಸಿ. ಯೋಚನೆ ಗಟ್ಟಿಯಾಗಿದ್ದರೆ ಅವನನ್ನು ಒಬ್ಬನೇ ಬಿಡಬಾರದು. ಅಂದೇ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ, ವಾಹನ ಇಲ್ಲದಿದ್ದರೆ 108, ಅಪಾಯ ಎದುರಿಗೇ ಇದ್ದರೆ 112. ಯೋಚನೆ ಬಂದು ಹೋಗುವಂತಿದ್ದರೆ ಅವನ ಜೊತೆ ಕೂತು 14416ಕ್ಕೆ ಫೋನ್ ಮಾಡಿ. ಇದು ಟೆಲಿ-ಮನಸ್. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ, ಹಗಲು ರಾತ್ರಿ ಉಚಿತ. ಕರೆ ಹೋದಾಗ ಭಾಷೆ ಕೇಳುತ್ತದೆ, ಕನ್ನಡ ಆರಿಸಿಕೊಳ್ಳಬಹುದು. ಮೊದಲು ಮಾತಾಡುವವರು ಆಪ್ತಸಮಾಲೋಚಕರು, ಅಗತ್ಯವಿದ್ದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಹುಡುಗ ಮಾತಾಡಲು ಒಪ್ಪದಿದ್ದರೆ ನೀವೇ ಕರೆ ಮಾಡಿ “ನಮ್ಮ ಹುಡುಗಗ ಹಿಂಗ ಆಗ್ಯಾದ, ನಾವು ಏನು ಮಾಡಬೇಕು?” ಎಂದು ಕೇಳಬಹುದು. ಈ ಮಾತು ಎಷ್ಟೋ ಮನೆಗಳಿಗೆ ಗೊತ್ತಿಲ್ಲ.

ಅದೇ ದಿನ ಮಾಡಬೇಕಾದ ಇನ್ನೊಂದು ಕೆಲಸ ಹೊಲಕ್ಕೆ ಹೊಡೆಯುವ ಎಣ್ಣಿಯದು, ಅಂದರೆ ಕೀಟನಾಶಕದ್ದು. ಅಫಜಲಪುರ, ಜೇವರ್ಗಿ ಕಡೆಯ ತೊಗರಿಯ ಮನೆಯಿರಲಿ, ಶಹಾಪುರ, ಸುರಪುರ ಕಡೆಯ ಹತ್ತಿಯ ಮನೆಯಿರಲಿ, ಹಂಗಾಮಿನಲ್ಲಿ ಡಬ್ಬಿಗಳು ಮಂಚದ ಕೆಳಗೆ, ಜೋಳದ ಚೀಲದ ಸಂದಿಯಲ್ಲಿ ಬಿದ್ದಿರುತ್ತವೆ. ಸಾಯಬೇಕೆಂಬ ತೀವ್ರ ತುಡಿತ ಬಹಳ ಜನರಲ್ಲಿ ಕೆಲವು ನಿಮಿಷದಿಂದ ಕೆಲವು ತಾಸಿನವರೆಗೆ ಇದ್ದು ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಜೀವ ನಿಂತಿರುತ್ತದೆ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಅಲ್ಲಿ ಆತ್ಮಹತ್ಯೆಯ ಪ್ರಮಾಣ ಬಹಳ ಇಳಿದದ್ದು ಇದೇ ಕಾರಣಕ್ಕೆ. ಒಂದು ತಗಡಿನ ಪೆಟ್ಟಿಗೆ ಮಾಡಿಸಿ, ಬೀಗ ಹಾಕಿ, ಮನೆಯಿಂದ ಹೊರಗಿಡಿ. ಕೀಲಿ ಒಬ್ಬರ ಸೊಂಟದಲ್ಲಿರಲಿ, ಗೋಡೆಯ ಮೊಳೆಗೆ ತೂಗುಹಾಕಿದರೆ ಬೀಗ ಹಾಕಿದ್ದು ವ್ಯರ್ಥ. ಒಂದು ಸಿಂಪರಣೆಗೆ ಬೇಕಾದಷ್ಟೇ ತನ್ನಿ, ಉದ್ರಿ ಸಿಗುತ್ತದೆ ಎಂದು ಹಂಗಾಮಿನದನ್ನೆಲ್ಲ ಒಮ್ಮೆಲೇ ಹೊತ್ತು ತರಬೇಡಿ. ಅಜ್ಜನ ಬಿಪಿ, ಶುಗರ್, ನಿದ್ದೆಯ ಗುಳಿಗೆಗಳಿಗೂ ಇದೇ ನಿಯಮ.

ಎಣ್ಣಿ ಕುಡಿದುಬಿಟ್ಟಿದ್ದರೆ ಉಪ್ಪು ನೀರು, ಮಜ್ಜಿಗೆ ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ವಾಂತಿ ಶ್ವಾಸಕೋಶಕ್ಕೆ ಹೋದರೆ ವಿಷಕ್ಕಿಂತ ಮೊದಲು ಅದೇ ಕೊಲ್ಲಬಹುದು. ಬಟ್ಟೆ ತೆಗೆದು ಮೈ ತೊಳೆಯಿರಿ, ಎಡಮಗ್ಗಲಿಗೆ ಮಲಗಿಸಿ, ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಓಡಿ. ಈಗ ಆರಾಮ ಇದ್ದಾನೆ ಎಂದು ಮನೆಯಲ್ಲಿ ಉಳಿಸಿಕೊಳ್ಳಬೇಡಿ, ಕೆಲವು ಕಳೆನಾಶಕಗಳ ಪರಿಣಾಮ ದಿನಗಳ ನಂತರ ಕಾಣುತ್ತದೆ. “ಪೊಲೀಸ್ ಕೇಸ್ ಆಗ್ತದ” ಎಂಬ ಅಂಜಿಕೆಯಿಂದ ಖಾಸಗಿ ದವಾಖಾನೆಗಳನ್ನು ಸುತ್ತಿ ಹೊತ್ತು ಕಳೆಯುವವರಿದ್ದಾರೆ. ಆಸ್ಪತ್ರೆಯವರು ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ದಾಖಲೆ) ಬರೆಯುತ್ತಾರೆ, ಅದು ನಿಯಮ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ಐಪಿಸಿಯ 309ನೇ ಕಲಮೇ ಇಲ್ಲ.

“ಧಾತು” ಎಂಬ ಗುಟ್ಟಿನ ಭಯ

ಬಸ್ ಸ್ಟ್ಯಾಂಡಿನ ಮೂತ್ರಿಯ ಗೋಡೆ, ರೈಲು ಹಳಿಯ ಪಕ್ಕದ ಕಂಪೌಂಡು, ಆಟೋದ ಹಿಂಬದಿ: “ಗುಪ್ತರೋಗ, ಧಾತು ನಷ್ಟ, ಶರ್ತಿಯಾ ಇಲಾಜ್” ಎಂಬ ಪೋಸ್ಟರ್ ಇಲ್ಲದ ಪೇಟೆ ನಮ್ಮಲ್ಲಿಲ್ಲ. ಕಾಲೇಜು ಹುಡುಗ ಯಾರಿಗೂ ಹೇಳದೆ ಹೊತ್ತು ತಿರುಗುವ ಚಿಂತೆಗಳಲ್ಲಿ ಇದು ದೊಡ್ಡದು. ನಿದ್ದೆಯಲ್ಲಿ ವೀರ್ಯ ಹೋಗುತ್ತದೆ, ಹಸ್ತಮೈಥುನ ಮಾಡಿದ್ದೇನೆ, ಮೂತ್ರದಲ್ಲಿ ಬಿಳಿ ಹೋಗುತ್ತದೆ, ಇದರಿಂದಲೇ ಬೆನ್ನು ನೋವು, ಸೋಲು, ಮರೆವು, ನಾನು ಮದುವೆಗೆ ಲಾಯಕ್ಕಿಲ್ಲ. ಇಂಥ ನಂಬಿಕೆಯಿಂದ ಹುಟ್ಟುವ ಆತಂಕವನ್ನು ಮನೋವೈದ್ಯರು “ಧಾತ್ ಸಿಂಡ್ರೋಮ್” ಎಂದೇ ಕರೆಯುತ್ತಾರೆ. ಇದು ಭಾರತ ಉಪಖಂಡದಲ್ಲಿ ಹೆಚ್ಚಾಗಿ ಕಾಣುವ ತೊಂದರೆ.

ಹುಡುಗನಿಗೆ ಹೇಳಬೇಕಾದ್ದು ಸರಳ. ಪ್ರಾಯಕ್ಕೆ ಬಂದ ಮೇಲೆ ವೀರ್ಯ ದಿನವೂ ತಯಾರಾಗುತ್ತಲೇ ಇರುತ್ತದೆ. ತುಂಬಿದ್ದು ನಿದ್ದೆಯಲ್ಲಿ ಹೊರಬರುವುದು ಸಹಜ. ನಲವತ್ತು ಹನಿ ರಕ್ತಕ್ಕೆ ಒಂದು ಹನಿ ಎಂಬ ಲೆಕ್ಕ ಸುಳ್ಳು. ಹಸ್ತಮೈಥುನದಿಂದ ನರ ಸೋಲುವುದಿಲ್ಲ, ಮಕ್ಕಳಾಗುವುದಕ್ಕೆ ಅಡ್ಡಿಯಿಲ್ಲ. ಮೂತ್ರದ ಬಿಳುಪು ಎಷ್ಟೋ ಸಲ ಫಾಸ್ಫೇಟ್ ಎಂಬ ಲವಣ, ನೀರು ಕಡಿಮೆ ಕುಡಿದಾಗ ಹೆಚ್ಚು ಕಾಣುತ್ತದೆ. ಉರಿ, ಕೀವು, ಹುಣ್ಣು ಇದ್ದರೆ ಮಾತ್ರ ಅದು ಸೋಂಕಿನ ಲಕ್ಷಣ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮೂತ್ರ ಪರೀಕ್ಷೆ ಮಾಡಿಸಬಹುದು. ಸೋಲು, ಬೆನ್ನು ನೋವು ಸುಳ್ಳಲ್ಲ, ಅವು ಚಿಂತೆಯಿಂದ ಮತ್ತು ನಿದ್ದೆಗೇಡಿನಿಂದ ಬರುವ ನಿಜವಾದ ತೊಂದರೆಗಳು.

ಇದನ್ನು ಬಿಡಿಸಿ ಹೇಳದೆ ಬಿಟ್ಟರೆ ಅವನು ತಿಂಗಳಿಗೊಮ್ಮೆ ಲಾಡ್ಜಿನ ರೂಮಿನಲ್ಲಿ ಕೂರುವವರ ಕೈಗೆ ಸಿಗುತ್ತಾನೆ. ಅವರು ಕೊಡುವ ಪುಡಿ, ಭಸ್ಮಗಳಲ್ಲಿ ಸೀಸ, ಪಾದರಸ ಇದ್ದು ಕಿಡ್ನಿ ಕೆಡಿಸಿಕೊಂಡವರಿದ್ದಾರೆ. ಹಣ ಅವ್ವನ ಡಬ್ಬಿಯಿಂದಲೋ ಲೋನ್ ಆ್ಯಪಿನಿಂದಲೋ ಹೋಗುತ್ತದೆ. ಮನೆಯಲ್ಲಿ ಹೇಳಲು ಮುಜುಗರವಾದರೆ ಸರ್ಕಾರಿ ಆಸ್ಪತ್ರೆಗಳಲ್ಲಿರುವ ಸ್ನೇಹ ಕ್ಲಿನಿಕ್‌ಗೆ ಕಳಿಸಿ. ಹತ್ತರಿಂದ ಹತ್ತೊಂಬತ್ತು ವರ್ಷದವರಿಗೆಂದೇ ಇರುವ ಸಮಾಲೋಚನೆ ಕೊಠಡಿ ಅದು, ಇಂಥ ಪ್ರಶ್ನೆಗಳಿಗೆ ಮುಜುಗರಪಡದೆ ಉತ್ತರ ಕೊಡುತ್ತಾರೆ.

ರಿಸಲ್ಟ್ ದಿನ

2024ರ ಎಸ್ಎಸ್ಎಲ್‌ಸಿಯಲ್ಲಿ ರಾಜ್ಯದ ಕೊನೆಯ ಸ್ಥಾನ ಯಾದಗಿರಿಗೆ, 50.59 ಶೇಕಡಾ. 2025ರಲ್ಲಿ ಕಲಬುರಗಿಗೆ, 42.43 ಶೇಕಡಾ. ಅಂದರೆ ಆ ವರ್ಷ ಕಲಬುರಗಿ ಜಿಲ್ಲೆಯಲ್ಲಿ ಪರೀಕ್ಷೆ ಬರೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದೇ ದಿನ ಫೇಲ್ ಎಂಬ ಮಾತು ಕೇಳಿದರು. ಗಂಡುಹುಡುಗರ ಫಲಿತಾಂಶ ಹೆಣ್ಣುಮಕ್ಕಳಿಗಿಂತ ಕೆಳಗೇ ಇರುತ್ತದೆ. ಟಿವಿಯಲ್ಲಿ ಜಿಲ್ಲೆಯ ಹೆಸರು ಕೊನೆಗೆ ಬಂದಿತೆಂದು ಬೈಯುವ ಹೊತ್ತಿಗೆ ಒಳಕೋಣೆಯಲ್ಲಿ ಹುಡುಗ ಒಬ್ಬನೇ ಇರುತ್ತಾನೆ.

ತಯಾರಿ ಹಿಂದಿನ ರಾತ್ರಿಯೇ ಆಗಲಿ.

1. “ಏನೇ ಬರಲಿ, ಮೊದಲು ನನ್ನ ಹತ್ತಿರ ಬಾ” ಎಂದು ಮಲಗುವ ಮುಂಚೆ ಹೇಳಿ. ಬೆಳಿಗ್ಗೆ ಹೇಳಿದರೆ ತಲೆಗೆ ಇಳಿಯುವುದಿಲ್ಲ.
2. ಎಣ್ಣಿಯ ಪೆಟ್ಟಿಗೆಯ ಬೀಗ ನೋಡಿ.
3. ಸೈಬರ್ ಕೆಫೆಗೆ ಒಬ್ಬನೇ ಹೋಗುವುದು ಬೇಡ, ಮನೆಯ ಮೊಬೈಲಿನಲ್ಲಿ ನಿಮ್ಮ ಎದುರೇ ನೋಡಲಿ.
4. ಫೇಲ್ ಬಂದರೆ ಆ ದಿನ ಅಂಕಗಳ ಮಾತು ಬಂದ್. ಸಂಬಂಧಿಕರ ಫೋನು ನೀವೇ ಎತ್ತಿ, “ಆಮೇಲೆ ಹೇಳ್ತೀವಿ” ಎಂದು ಇಟ್ಟುಬಿಡಿ.
5. ಮೂರು ದಿನ, ರಾತ್ರಿಯೂ ಸೇರಿ, ಯಾರಾದರೊಬ್ಬರು ಜೊತೆಗಿರಿ.
6. ನಾಲ್ಕನೇ ದಿನ ಶಾಲೆಗೆ ಹೋಗಿ ಮುಂದಿನ ದಾರಿ ಕೇಳಿ.

ಮುಂದಿನ ದಾರಿ ನಿಜವಾಗಿಯೂ ಇದೆ. 2024ರಿಂದ ವಾರ್ಷಿಕ ಪರೀಕ್ಷೆ ಒಂದಕ್ಕೇ ಮುಗಿಯುವುದಿಲ್ಲ, ಕೆಲವೇ ವಾರಗಳಲ್ಲಿ ಪರೀಕ್ಷೆ-2 ಬರುತ್ತದೆ. ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ ಮರುಮೌಲ್ಯಮಾಪನಕ್ಕೂ ಹಾಕಬಹುದು. ಎರಡಕ್ಕೂ ಅರ್ಜಿಯ ಗಡುವು ಕಡಿಮೆ, ಅತ್ತುಕೊಂಡು ಕೂತ ಮನೆಗಳು ತಪ್ಪಿಸಿಕೊಳ್ಳುವುದು ಇದನ್ನೇ. ಐಟಿಐಗೆ ಹೋಗಲು ಹುಡುಗ ಮನಸ್ಸು ಮಾಡಿದರೆ ಮೂಗು ಮುರಿಯಬೇಡಿ.

ಆಸ್ಪತ್ರೆ: ಎಲ್ಲಿಗೆ, ಯಾವಾಗ, ಏನು ಒಯ್ಯಬೇಕು

ಕಲಬುರಗಿಯವರಿಗೆ ಸೇಡಂ ರಸ್ತೆಯ ಜಿಮ್ಸ್, ಬೀದರಿನವರಿಗೆ ಬ್ರಿಮ್ಸ್, ಯಾದಗಿರಿಯವರಿಗೆ ಯಿಮ್ಸ್. ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು. ಓಪಿಡಿ ಚೀಟಿ ಮಾಡಿಸುವಾಗ “ಮನೋರೋಗ ವಿಭಾಗ” ಎನ್ನಲು ನಾಲಿಗೆ ತಡೆಯುತ್ತದೆ, ಹಿಂದೆ ನಿಂತವರು ಕೇಳಿಸಿಕೊಂಡಾರು ಎಂದು. “ನಿದ್ದಿ ತ್ರಾಸ ಅದ, ಸೈಕಿಯಾಟ್ರಿ” ಎಂದರೂ ಸಾಕು. ಅಷ್ಟು ದೂರ ಬರಲಾಗದ ಚಿಂಚೋಳಿ, ಔರಾದ, ಹುಣಸಗಿ ಕಡೆಯವರಿಗೆ ಮನೋಚೈತನ್ಯ ಕಾರ್ಯಕ್ರಮವಿದೆ. ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದು. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯಿಂದ ವಿಚಾರಿಸಿಕೊಂಡೇ ಹೊರಡಿ, ಸುಮ್ಮನೆ ಹೋಗಿ ಬಾಗಿಲು ನೋಡಿ ಬಂದರೆ ಹುಡುಗ ಮತ್ತೆ ಬರಲು ಒಪ್ಪುವುದು ಕಷ್ಟ.

ಒಯ್ಯಬೇಕಾದದ್ದು: ಆಧಾರ್, ಹಳೆಯ ಚೀಟಿಗಳು, ಈಗ ತೆಗೆದುಕೊಳ್ಳುತ್ತಿರುವ ಗುಳಿಗೆಗಳ ಖಾಲಿ ಸ್ಟ್ರಿಪ್, ಆ ಹದಿನಾಲ್ಕು ದಿನಗಳ ಬರಹ, ಒಂದು ಬಾಟಲಿ ನೀರು, ಊಟ. ಜೊತೆಗೆ ಒಬ್ಬರೇ ಹೋಗಿ. ಜೀಪು ತುಂಬ ಮಂದಿ ಬಂದರೆ ಡಾಕ್ಟರ ಮುಂದೆ ಎಲ್ಲರೂ ಮಾತಾಡುತ್ತಾರೆ, ಹುಡುಗನೊಬ್ಬನನ್ನು ಬಿಟ್ಟು. ಸ್ವಲ್ಪ ಹೊತ್ತು ಅವನೊಬ್ಬನೇ ಡಾಕ್ಟರ ಜೊತೆ ಮಾತಾಡಲಿ ಎಂದು ನೀವಾಗಿಯೇ ಹೊರಗೆ ಬನ್ನಿ. ಕುಡಿತ, ಗಾಂಜಾ, ಪ್ರೀತಿ-ಪ್ರೇಮ ಇವೆಲ್ಲ ಆ ಹತ್ತು ನಿಮಿಷದಲ್ಲೇ ಹೊರಬರುವುದು. ವಯಸ್ಸು ಹದಿನೆಂಟು ದಾಟಿದ್ದರೆ ಚಿಕಿತ್ಸೆಯ ನಿರ್ಧಾರ ಅವನದು, ಒಳಗಿದ್ದರೆ ಪೋಷಕರ ಒಪ್ಪಿಗೆ ಬೇಕು.

ಗುಳಿಗೆ ಕೊಟ್ಟರೆ ಮೊದಲ ವಾರ ಹೊಟ್ಟೆ ತೊಳೆಸುವುದು, ತಲೆನೋವು, ಮಂಪರು ಬರಬಹುದು. ಖಿನ್ನತೆಯ ಗುಳಿಗೆ ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕನೇ ದಿನ “ಏನೂ ಗುಣ ಇಲ್ಲ” ಎಂದು ಬಿಡುವವರೇ ಹೆಚ್ಚು. ಇನ್ನು ಕೆಲವರು ಎರಡು ತಿಂಗಳಲ್ಲಿ ಆರಾಮ ಆಯಿತೆಂದು ಬಿಡುತ್ತಾರೆ, ಕಾಯಿಲೆ ಮರಳುತ್ತದೆ. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಿ, ಡಾಕ್ಟರು ಹೇಳಿದಂತೆ ಸ್ವಲ್ಪಸ್ವಲ್ಪವೇ ಇಳಿಸಬೇಕು. ಇಪ್ಪತ್ತೈದರ ಒಳಗಿನವರಲ್ಲಿ ಮೊದಲ ಕೆಲವು ವಾರ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಾಗುವ ಸಾಧ್ಯತೆ ಇದೆ. ಆಗ ಗುಳಿಗೆ ಎಸೆಯದೆ ಕೂಡಲೇ ಡಾಕ್ಟರಿಗೆ ತಿಳಿಸಿ. ಖಿನ್ನತೆಯ ಗುಳಿಗೆ ಚಟ ಹತ್ತಿಸುವುದಿಲ್ಲ. ಚಟ ಹತ್ತಿಸುವುದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೇಳಿ ತರುವ ಆಲ್ಪ್ರಜೊಲಾಮ್‌ನಂಥ ನಿದ್ದೆ ಗುಳಿಗೆ.

ದರ್ಗಾಕ್ಕೆ ಹೋಗಬೇಕೆನಿಸಿದರೆ ಹೋಗಿ, ಶರಣಬಸವೇಶ್ವರರ ಗುಡಿಗೆ ನಡೆದು ಬರುತ್ತೇವೆಂದರೆ ಬನ್ನಿ. ಅದರಿಂದ ಮನೆಯವರಿಗೂ ಸಮಾಧಾನ. ಗುಳಿಗೆ ಮಾತ್ರ ನಿಲ್ಲಿಸಬೇಡಿ. ಕಟ್ಟಿಹಾಕುವುದು, ಸರಪಳಿ ಬಿಗಿಯುವುದು 2017ರ ಕಾಯ್ದೆಯಂತೆ ನಿಷಿದ್ಧ. ದನಿ ಕೇಳುವುದು, ಯಾರೋ ಮಾಟ ಮಾಡಿಸಿದ್ದಾರೆಂದು ಊಟ ಬಿಡುವುದು ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಯ ಮೊದಲ ಲಕ್ಷಣವಾಗಿರಬಹುದು. ಗಂಡಸರಲ್ಲಿ ಇದು ಹೆಚ್ಚಾಗಿ ಶುರುವಾಗುವುದು ಹದಿಹರೆಯದ ಕೊನೆಯಿಂದ ಇಪ್ಪತ್ತರ ನಡುವಯಸ್ಸಿನೊಳಗೆ. ತಿಂಗಳುಗಟ್ಟಲೆ ತಾಯತದಲ್ಲೇ ಕಳೆದರೆ ಗುಣವಾಗುವ ಅವಕಾಶ ಕುಗ್ಗುತ್ತದೆ.

ಸೇಂದಿ, ಸಾರಾಯಿ, ಫೋನಿನ ಜೂಜು

ಮನಸ್ಸಿನ ನೋವಿಗೆ ಗಂಡಸರು ತಾವೇ ಮಾಡಿಕೊಳ್ಳುವ ಔಷಧ ಕುಡಿತ. ನಿದ್ದೆ ಬರಲಿ ಎಂದು ಕುಡಿಯುತ್ತಾರೆ. ಕುಡಿದ ನಿದ್ದೆ ನಡುರಾತ್ರಿ ಒಡೆಯುತ್ತದೆ, ಬೆಳಿಗ್ಗೆ ಮನಸ್ಸು ಇನ್ನಷ್ಟು ಕುಸಿದಿರುತ್ತದೆ. ದಿನವೂ ಕುಡಿಯುವವನಿಗೆ “ಇವತ್ತಿನಿಂದ ಬಂದ್” ಎಂದು ಮಾಲೆ ಹಾಕಿಸಿ ಕೋಣೆಯಲ್ಲಿ ಕೂಡಿಹಾಕುವುದು ಅಪಾಯ. ಒಮ್ಮೆಲೇ ಬಿಟ್ಟರೆ ಮೊದಲ ದಿನ ಕೈ ನಡುಕ, ಎರಡು ದಿನದೊಳಗೆ ಫಿಟ್ಸ್, ಮೂರನೇ ದಿನದ ಆಸುಪಾಸು ಇಲ್ಲದ್ದು ಕಾಣುವ ಸನ್ನಿ ಬರಬಹುದು, ಜೀವವೂ ಹೋಗಬಹುದು. ತೆಲಂಗಾಣ ಗಡಿಯ ಕಡೆ ಸಿಎಚ್ ಪೌಡರ್ (ಕ್ಲೋರಲ್ ಹೈಡ್ರೇಟ್ ಎಂಬ ಮಂಪರಿನ ಪುಡಿ) ಬೆರೆಸಿದ ಸೇಂದಿ ರೂಢಿಯಾದವರಿಗೂ ಇದೇ ಮಾತು. ಬಿಡಿಸುವುದು ಆಸ್ಪತ್ರೆಯಲ್ಲಿ, ಗುಳಿಗೆಗಳ ಆಸರೆಯಲ್ಲಿ ಆಗಬೇಕು.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ನಿಷೇಧಿಸಿದೆ. ಆದರೂ ಟೆಲಿಗ್ರಾಮ್ ಲಿಂಕಿನಲ್ಲಿ ಬೆಟ್ಟಿಂಗ್ ನಡೆದೇ ಇದೆ, ಐಪಿಎಲ್ ಬಂತೆಂದರೆ ಹೇಳುವುದೇ ಬೇಡ. ಸಾಲ ಬಯಲಾದಾಗ ಹೊಡೆದರೆ ಅವನು ಉಳಿದ ಅರ್ಧವನ್ನು ಮುಚ್ಚಿಡುತ್ತಾನೆ. ಒಂದು ಹಾಳೆಯಲ್ಲಿ ಯಾರಿಗೆ ಎಷ್ಟು ಎಂದು ಪೂರಾ ಬರೆಸಿ, ಬೈಯುವುದಿದ್ದರೆ ಪಟ್ಟಿ ಮುಗಿದ ಮೇಲೆ ಬೈಯಿರಿ. ಲೋನ್ ಆ್ಯಪಿನವರು ಫೋಟೊ ತಿರುಚಿ ಸಂಬಂಧಿಕರಿಗೆ ಕಳಿಸುವ ಬೆದರಿಕೆ ಹಾಕಿದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ದೂರು ಕೊಡಿ. ಇನ್ನೊಂದು ಸಾಲ ಎತ್ತಿ ಬಾಯಿ ಮುಚ್ಚಿಸಲು ಹೋಗಬೇಡಿ, ಬಾಯಿ ಮುಚ್ಚುವುದಿಲ್ಲ.

ದಿನಚರಿ

ಚಿಕಿತ್ಸೆಯ ಜೊತೆ ದಿನಕ್ಕೆ ಒಂದು ಹದ ಬೇಕು. ಏಳುವ ಹೊತ್ತು ಮೊದಲು ಹಿಡಿಯಿರಿ, ಮಲಗುವ ಹೊತ್ತು ತಾನಾಗಿ ಸರಿಹೋಗುತ್ತದೆ. ಹದಿಮೂರರಿಂದ ಹದಿನೆಂಟರ ಹುಡುಗನಿಗೆ ಎಂಟರಿಂದ ಹತ್ತು ತಾಸು ನಿದ್ದೆ ಬೇಕು. ಏಪ್ರಿಲ್-ಮೇನಲ್ಲಿ ನಲವತ್ತು ಡಿಗ್ರಿ ದಾಟಿದ ಮೇಲೆ ಒಳಗೆ ಮಲಗಲಾಗದು, ಎಲ್ಲರೂ ಮಾಳಿಗೆ ಹತ್ತುತ್ತಾರೆ. ಹುಡುಗನ ಫೋನು ಮಾತ್ರ ಕೆಳಗೇ ಚಾರ್ಜಿಗೆ ಇರಲಿ, ಅಪ್ಪನ ಫೋನೂ ಅಲ್ಲೇ ಇದ್ದರೆ ವಾದ ಹುಟ್ಟುವುದಿಲ್ಲ. ಬಿಸಿಲೇರುವ ಮೊದಲು ಅಥವಾ ಸಂಜೆ ಆರರ ನಂತರ ಮುಕ್ಕಾಲು ತಾಸು ಮೈ ಬೆವರುವ ಆಟ, ನಡಿಗೆ, ತಾಲೀಮು. ಒಬ್ಬನೇ ಜಿಮ್ಮಿಗೆ ಹೋಗುವುದಕ್ಕಿಂತ ವಾಲಿಬಾಲ್ ಮೇಲು, ಯಾಕೆಂದರೆ ಬಾರದಿದ್ದರೆ ಯಾರಾದರೂ ಕರೆಯಲು ಬರುತ್ತಾರೆ. ಮನೆಗೆಲಸದಲ್ಲಿ ಒಂದು ಅವನದೇ ಎಂದಿರಲಿ: ನೀರು ತುಂಬುವುದೋ, ಎಮ್ಮೆಗೆ ಮೇವು ಹಾಕುವುದೋ. ಸಣ್ಣದಾಗಿ ಶುರು ಮಾಡಿ, ಬಿಟ್ಟ ದಿನ ಬೈಯಬೇಡಿ.

ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದವರು

ಹತ್ತನೇ ಇಯತ್ತೆ ಬಿಟ್ಟು ಸೆಂಟ್ರಿಂಗ್ ಕೆಲಸಕ್ಕೆ, ಹೋಟೆಲಿಗೆ, ಸೆಕ್ಯುರಿಟಿಗೆ ಹೋಗುವ ಹುಡುಗರಿಗೆ ಅಲ್ಲಿ ಕಾಕಾ ಇಲ್ಲ, ಕಟ್ಟೆ ಇಲ್ಲ. ಒಂದು ಕೋಣೆಯಲ್ಲಿ ಎಂಟು ಮಂದಿ ಇದ್ದರೂ ಒಬ್ಬನೇ. ವಾರಕ್ಕೊಮ್ಮೆ ರವಿವಾರ ಒಂದೇ ಹೊತ್ತಿಗೆ ಫೋನ್ ಮಾಡಿ. “ರೊಕ್ಕ ಹಾಕಿದಿ ಏನು?” ಎಂಬುದು ಮೊದಲ ಪ್ರಶ್ನೆ ಆಗದಿರಲಿ, “ಉಂಡಿ ಏನು, ಯಾರ ಜೊತಿ ಉಂಡಿ?” ಎಂದು ಕೇಳಿ. ಎರಡು ರವಿವಾರ ಫೋನ್ ಎತ್ತದಿದ್ದರೆ ಅವನ ಕೋಣೆಯವರಲ್ಲಿ ಒಬ್ಬರ ನಂಬರು ನಿಮ್ಮ ಬಳಿ ಇರಬೇಕು, ಹೊರಡುವ ದಿನವೇ ಬರೆಸಿಕೊಳ್ಳಿ. ಚಿಕಿತ್ಸೆಯಲ್ಲಿರುವ ಹುಡುಗನಾದರೆ ಒಂದು ತಿಂಗಳ ಗುಳಿಗೆ, ಚೀಟಿಯ ಫೋಟೊ ಅವನ ಮತ್ತು ನಿಮ್ಮ ಎರಡೂ ಮೊಬೈಲಿನಲ್ಲಿ ಇರಲಿ. ಚೀಟಿಯಲ್ಲಿ ಔಷಧದ ಮೂಲ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಡಿ ಎಂದು ಡಾಕ್ಟರನ್ನು ಕೇಳಿ, ಕಂಪನಿಯ ಹೆಸರು ಬೇರೆ ಊರಿನಲ್ಲಿ ಸಿಗದೆ ಹೋಗಬಹುದು. 14416 ಅಲ್ಲಿಂದಲೂ ಹತ್ತುತ್ತದೆ, ಭಾಷೆ ಕೇಳಿದಾಗ ಕನ್ನಡ ಆರಿಸಿಕೊಳ್ಳಬೇಕು ಎಂದು ಬಸ್ ಹತ್ತಿಸುವ ಮುಂಚೆ ಒಮ್ಮೆ ಅವನ ಫೋನಿನಿಂದಲೇ ಒತ್ತಿ ತೋರಿಸಿ, ನಂಬರನ್ನು “ಮಾಮಾ 2” ಎಂದೋ ಏನೋ, ಕೋಣೆಯವರು ನೋಡಿದರೂ ನಗದಂಥ ಹೆಸರಿನಲ್ಲಿ ಸೇವ್ ಮಾಡಿಕೊಡಿ.